ಏರುವ ನೆಲ, ದಿಕ್ಕು ಬದಲಿಸುವ ನೀರು

ಬೆಳ್ಮಣ್ಣಿನಿಂದ ಮುಂಡ್ಕೂರು ದಾರಿಯಾಗಿ ಕಿನ್ನಿಗೋಳಿಗೆ ಹೋಗುವವರು ಸಂಕಲಕರಿಯದಲ್ಲಿ ಶಾಂಭವಿ ನದಿಯನ್ನು ದಾಟುತ್ತಾರೆ. ಅದೇ ಶಾಂಭವಿ ಮೂಲ್ಕಿಯಲ್ಲಿ ಕಡಲು ಸೇರುವಾಗ ತೆಂಕಣದಿಂದ ಬರುವ ನಂದಿನಿಯೂ ಜೊತೆಗೂಡುತ್ತದೆ. ನಂದಿನಿಯ ನಡೆ ತುಸು ವಿಚಿತ್ರ. ಪಾವಂಜೆ ದಾಟಿದ ಮೇಲೆ ಕಡಲು ಹತ್ತಿರದಲ್ಲೇ ಇದ್ದರೂ ನೇರ ಅದಕ್ಕೆ ಬೀಳದೆ, ಸಸಿಹಿತ್ಲಿನ ಮರಳುದಿಣ್ಣೆಯ ಹಿಂದೆ ಬಡಗಣಕ್ಕೆ ಹರಿದು ಅಳಿವೆ ಸೇರುತ್ತದೆ. ಇದು ಅಲೆಗಳು ಮರಳನ್ನು ಪೇರಿಸಿದ್ದರ ಫಲ. ಆದರೆ ನೆಲವೇ ಮೇಲೆದ್ದು ನದಿಯ ದಾರಿ ತಪ್ಪಿಸುವುದೂ ಉಂಟು.

ಇದಕ್ಕೆ ಸ್ಪಷ್ಟ ಸಾಕ್ಷಿ ಉತ್ತರ ಯುರೋಪಿನಲ್ಲಿದೆ. ಹಿಮಯುಗದಲ್ಲಿ ಅಲ್ಲಿನ ನೆಲವನ್ನು ಸುಮಾರು 3 ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಅದುಮಿತ್ತು. ಗಡ್ಡೆ ಕರಗಿದಂತೆ ಭಾರ ಇಳಿದ ನೆಲ ಮೇಲೇಳತೊಡಗಿತು; ಬೋತ್ನಿಯಾ ಕೊಲ್ಲಿಯ ಕೆಲವೆಡೆ ಇಂದಿಗೂ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಏರುತ್ತಿದೆ. ಬಂದರಿನ ನೀರು ತೆಳುವಾಯಿತೆಂದು ಸ್ವೀಡನ್ನಿನ ಲೂಲಿಯೊ ಪಟ್ಟಣವನ್ನು 1649ರಲ್ಲಿ ಬೇರೆಡೆಗೆ ಸಾಗಿಸಬೇಕಾಯಿತು. ಏರಿಕೆ ಎಲ್ಲೆಡೆ ಒಂದೇ ಸಮನಲ್ಲ. ಫಿನ್ಲೆಂಡಿನ ಸೈಮಾ ಸರೋವರದ ನೀರು ಮೊದಲು ವಾಯವ್ಯಕ್ಕೆ ಹರಿಯುತ್ತಿತ್ತು. ಆ ಬದಿ ಹೆಚ್ಚು ಎದ್ದು, ಓರೆ ಮಾಡಿದ ಹರಿವಾಣದಂತೆ ನೀರು ದಕ್ಷಿಣಕ್ಕೆ ವಾಲಿತು. ಸುಮಾರು 6,000 ವರ್ಷಗಳ ಹಿಂದೆ ದಿಣ್ಣೆ ಒಡೆದು ವೊಕ್ಸಿ ನದಿ ಹುಟ್ಟಿತು.

ನಮ್ಮ ಕರಾವಳಿಯನ್ನು ಯಾವ ಮಂಜೂ ಅದುಮಿರಲಿಲ್ಲ. ಇಲ್ಲಿ ಏರಿದ್ದು ಕಡಲು. ಸುಮಾರು 20,000 ವರ್ಷಗಳ ಹಿಂದೆ ಕಡಲ ಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ದಡ ಹತ್ತಾರು ಕಿಲೋಮೀಟರ್ ಪಡುವಣಕ್ಕಿತ್ತು. ಕರಗಿದ ಮಂಜಿನ ನೀರು ಸೇರಿ ಕಡಲು ಉಬ್ಬಿದಾಗ ಹಳೆಯ ನದೀಕಣಿವೆಗಳ ತುದಿ ಮುಳುಗಿತು.

ಆದರೂ ಮೂಲ್ಕಿಯ ಹೆಸರು ನೆಲದ ಏರಿಕೆಯ ಚರ್ಚೆಯಲ್ಲಿ ಸೇರಿಕೊಂಡಿದೆ. ಮೂಲ್ಕಿಯಿಂದ ಪೂರ್ವ ಕರಾವಳಿಯ ಪುಲಿಕಾಟ್ ಸರೋವರದವರೆಗೆ, 13 ಡಿಗ್ರಿ ಅಕ್ಷಾಂಶದ ಆಸುಪಾಸು, ನೆಲ ಮೆಲ್ಲಗೆ ಬಾಗಿ ಏಳುತ್ತಿದೆ ಎಂದು ಮಂಗಳೂರು ವಿಶ್ವವಿದ್ಯಾನಿಲಯದ ಭೂವಿಜ್ಞಾನಿ ಕೆ.ಆರ್. ಸುಬ್ರಹ್ಮಣ್ಯ 1990ರ ದಶಕದಲ್ಲಿ ವಾದಿಸಿದರು. ಕಾರಣ ಮಂಜಲ್ಲ, ಭಾರತದ ಭೂಫಲಕ ಏಷ್ಯಾವನ್ನು ಒತ್ತುತ್ತಿರುವುದು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಎರಡು ಪಿನಾಕಿನಿಗಳಲ್ಲಿ ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ ಹೊರಡುವುದನ್ನು ನೋಡಿದರೆ ಈ ಮಾತು ತಳ್ಳಿಹಾಕುವಂಥದಲ್ಲ.

ರೈತನ ಲೆಕ್ಕ ಮಾತ್ರ ಬೇರೆ. ಈಗ ಜಗತ್ತಿನ ಕಡಲ ಮಟ್ಟ ವರ್ಷಕ್ಕೆ 3 ಮಿಲಿಮೀಟರಿಗೂ ಹೆಚ್ಚು ಏರುತ್ತಿದೆ. ಬೋತ್ನಿಯಾದಲ್ಲಿ ನೆಲ ಅದನ್ನು ಹಿಂದಿಕ್ಕುತ್ತದೆ. ನಮ್ಮ ಹೊಳೆಬದಿಯಲ್ಲಿ ಮಳೆಗಾಲ ಮುಗಿದೊಡನೆ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಬೇಕು. ತಡವಾದರೆ ಭರತದ ಉಪ್ಪುನೀರು ಗದ್ದೆಗೂ ಬಾವಿಗೂ ಬರುತ್ತದೆ.