ಏಳು ವರ್ಷದ ಲೆಕ್ಕ

ತಂದೆ-ತಾಯಿ ಬೇರ್ಪಟ್ಟಾಗ ಮಗು ಯಾರ ಬಳಿ ಇರಬೇಕು? ಹನಫಿ ಪಂಥದಲ್ಲಿ ಗಂಡುಮಗುವಿನ ಪಾಲನೆಯ ಹಕ್ಕು, ಅಂದರೆ ಹಿಝಾನತ್, ಏಳು ವರ್ಷದವರೆಗೆ ತಾಯಿಗೆ ಸೇರಿದ್ದೆಂಬುದು ಹಲವರಿಗೆ ತಿಳಿದ ಮಾತು. ಆದರೆ ಈ ಏಳು ಎಲ್ಲಿಂದ ಬಂತು?

12ನೇ ಶತಮಾನದ ವಿದ್ವಾಂಸ ಮರ್ಗೀನಾನಿ ತಮ್ಮ ‘ಹಿದಾಯ’ ಗ್ರಂಥದಲ್ಲಿ ಮೊದಲು ಹೇಳುವುದು ವಯಸ್ಸನ್ನಲ್ಲ. ಮಗು ತಾನೇ ಉಂಡು, ಕುಡಿದು, ಬಟ್ಟೆ ತೊಟ್ಟು, ಶುಚಿ ಮಾಡಿಕೊಳ್ಳುವಂತಾಗುವವರೆಗೆ ತಾಯಿಯ ಬಳಿ ಇರಬೇಕೆನ್ನುತ್ತಾರೆ. ಏಳು ವರ್ಷವೆಂಬುದು 9ನೇ ಶತಮಾನದ ಖಸ್ಸಾಫ್ ಹೆಚ್ಚಿನ ಮಕ್ಕಳನ್ನು ಗಮನಕ್ಕೆ ತಂದುಕೊಂಡು ಹಾಕಿದ ಅಂದಾಜು. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಈ ಗ್ರಂಥವನ್ನು ಇಂಗ್ಲಿಷಿಗೆ ತಂದರು; ಭಾರತದ ಬ್ರಿಟಿಷ್ ನ್ಯಾಯಾಲಯಗಳು ಅದನ್ನು ಆಧರಿಸಿದವು. ಕಾಲಕ್ರಮೇಣ ಜನರ ನೆನಪಿನಲ್ಲಿ ಕಾರಣ ಮರೆಯಾಗಿ ಅಂಕಿ ಉಳಿಯಿತು.

ಆಟಿಸಂ ಇರುವ ಹತ್ತು ವರ್ಷದ ಹುಡುಗನಿಗೆ ಉಣಿಸಲು, ಉಡಿಸಲು ಇನ್ನೂ ಒಬ್ಬರು ಬೇಕಾಗಬಹುದು. ಮನೆ, ದಿನಚರಿ ಬದಲಾದರೆ ಅವನು ತಲ್ಲಣಿಸಬಹುದು. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ ಮಗುವಿನ ಕ್ಷೇಮ ನೋಡಬೇಕೆನ್ನುತ್ತದೆ. ತಿಳಿದು ಹೇಳಬಲ್ಲ ಮಗುವಿನ ಇಷ್ಟವನ್ನು ಪರಿಗಣಿಸಬಹುದೆಂದೂ ಹೇಳುತ್ತದೆ. ಮಾತೇ ಬಾರದ ಮಗುವಿನ ಇಷ್ಟ ಅರಿಯುವವರಾರು? ಅದರ ದಿನಚರಿ ಬಲ್ಲವರೇ ಅಲ್ಲವೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ನ್ಯಾಯಾಲಯವು ಮಗುವಿನ ಹಿತಕ್ಕಾಗಿ ಆದೇಶಿಸಿದ ಹೊರತು, ವೈಕಲ್ಯದ ಕಾರಣಕ್ಕೆ ಅದನ್ನು ಹೆತ್ತವರಿಂದ ಬೇರ್ಪಡಿಸುವಂತಿಲ್ಲ.

ಖಾಝಿಯಾಗಲಿ, ನ್ಯಾಯಾಧೀಶರಾಗಲಿ, ಜಗಳದಲ್ಲಿರುವ ಹೆತ್ತವರೇ ಆಗಲಿ, ವರ್ಷ ಎಣಿಸುವ ಮೊದಲು ಆ ಹಳೆಯ ಪ್ರಶ್ನೆಯನ್ನು ಕೇಳಲಿ: ಈ ಮಗು ತಾನೇ ಉಣ್ಣಬಲ್ಲದೇ?