ಆತ್ಮಹತ್ಯೆ ತಡೆ: ಶ್ರೀಲಂಕಾ ತೋರಿಸಿದ ದಾರಿ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಪ್ರತಿ ವರ್ಷ 7.20 ಲಕ್ಷಕ್ಕೂ ಅಧಿಕ ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ. 2021ರಲ್ಲಿ 15ರಿಂದ 29 ವರ್ಷದವರ ಸಾವಿನ ಕಾರಣಗಳಲ್ಲಿ ಇದಕ್ಕೆ ಮೂರನೇ ಸ್ಥಾನ. ಶ್ರೀಮಂತ ರಾಷ್ಟ್ರಗಳ ಒಂಟಿತನದ ಫಲವಿದು ಎಂಬ ಹಳೆಯ ನಂಬಿಕೆಗೆ ಆಧಾರವಿಲ್ಲ. ಸುಮಾರು ಮುಕ್ಕಾಲು ಪಾಲು ಸಾವುಗಳು ಸಂಭವಿಸುವುದು ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳಲ್ಲೇ. ಭಾರತದಲ್ಲಿ 2022ರಲ್ಲಿ 1,70,924 ಪ್ರಕರಣಗಳು ದಾಖಲಾದವೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ.

ಹಾಗಾದರೆ ಇದನ್ನು ತಡೆಯಲು ಸಾಧ್ಯವೇ? ನೆರೆಯ ಶ್ರೀಲಂಕಾದ ಅನುಭವ ಸಾಧ್ಯವೆನ್ನುತ್ತದೆ. 1950ರಿಂದ 1995ರ ನಡುವೆ ಆ ದೇಶದ ಆತ್ಮಹತ್ಯೆ ಪ್ರಮಾಣ ಎಂಟು ಪಟ್ಟು ಏರಿ, ಲಕ್ಷ ಜನಸಂಖ್ಯೆಗೆ 47ಕ್ಕೆ ತಲುಪಿತ್ತು. ಗ್ರಾಮೀಣ ಭಾಗದಲ್ಲಿ ಕೃಷಿಗೆ ಬಳಸುವ ಕೀಟನಾಶಕಗಳೇ ಬಹುಪಾಲು ಸಾವುಗಳಿಗೆ ಕಾರಣವಾಗಿದ್ದವು. ಅಲ್ಲಿನ ಸರ್ಕಾರ 1984ರಿಂದ ಆರಂಭಿಸಿ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತ ಹಂತವಾಗಿ ನಿಷೇಧಿಸಿತು. 2005ರ ವೇಳೆಗೆ ಪ್ರಮಾಣ ಅರ್ಧಕ್ಕಿಳಿಯಿತು. ಮುಂದೆಯೂ ಇಳಿಯುತ್ತಾ ಹೋಯಿತು. 1995ರಿಂದ 2015ರವರೆಗೆ ಈ ಕ್ರಮದಿಂದ ಸುಮಾರು 93 ಸಾವಿರ ಜೀವಗಳು ಉಳಿದವೆಂಬುದು ತಜ್ಞರ ಅಂದಾಜು. ಬೆಳೆ ಇಳುವರಿ ಕುಸಿಯುವ ಆತಂಕ ನಿಜವಾಗಲಿಲ್ಲ ಎಂಬುದು ವಿಶೇಷ.

ಇದರ ಹಿಂದಿನ ತರ್ಕ ಸರಳ. ಸಾಯುವ ಆವೇಗ ಬಹಳಷ್ಟು ಮಂದಿಯಲ್ಲಿ ಅಲ್ಪಾವಧಿಯದು. ಆ ಹೊತ್ತಿನಲ್ಲಿ ಮಾರಕ ವಸ್ತು ಕೈಗೆಟುಕದಿದ್ದರೆ, ಇಲ್ಲವೇ ಆಲಿಸುವ ಒಂದು ಕಿವಿ ದೊರೆತರೆ ಆವೇಗ ತಗ್ಗುತ್ತದೆ. 'ಸಾಯುವವನು ಹೇಗಾದರೂ ಸಾಯುತ್ತಾನೆ' ಎಂಬ ಮಾತು ಜನಜನಿತವಾದರೂ ಸತ್ಯಕ್ಕೆ ದೂರ. ಅಂತೆಯೇ, ಆತ್ಮಹತ್ಯೆಯ ಆಲೋಚನೆ ಇದೆಯೇ ಎಂದು ನೇರವಾಗಿ, ಸಹಾನುಭೂತಿಯಿಂದ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಮನೋವೈದ್ಯರು ಹೇಳುತ್ತಾರೆ. ಹಿಂದೆ ಯತ್ನಿಸಿದವರಿಗೆ ಹೆಚ್ಚಿನ ಅಪಾಯವಿರುವುದರಿಂದ ಅವರೊಡನೆ ಸಂಪರ್ಕ ಕಡಿಯಬಾರದು. ಸಾವಿನ ವಿಧಾನವನ್ನು ವರ್ಣಿಸದ ಸಂಯಮದ ವರದಿಗಾರಿಕೆಯೂ ತಡೆಯ ಒಂದು ಭಾಗವೇ. ಪತ್ರಿಕೆಗಳು ಇದನ್ನು ಆಗಾಗ ಮರೆಯುತ್ತವೆ.

ಕಾನೂನಿನ ದೃಷ್ಟಿಯೂ ಬದಲಾಗಿದೆ. ಶ್ರೀಲಂಕಾ 1998ರಲ್ಲಿಯೇ ಆತ್ಮಹತ್ಯೆ ಯತ್ನವನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತು. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. ದಂಡ ಸಂಹಿತೆಯ 309ನೇ ಕಲಮು ಮಾತ್ರ 2024ರ ಜುಲೈ 1ರಂದು ಹೊಸ ನ್ಯಾಯ ಸಂಹಿತೆ ಬರುವವರೆಗೂ ಪುಸ್ತಕದಲ್ಲಿ ಉಳಿದಿತ್ತು. 2022ರ ನವೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿಯು 2030ರೊಳಗೆ ಇಂಥ ಸಾವುಗಳನ್ನು ಶೇ. 10ರಷ್ಟು ತಗ್ಗಿಸುವ ಗುರಿ ಹೊಂದಿದೆ. ಶ್ರೀಲಂಕಾದ ಸಾಧನೆಯ ಮುಂದೆ ಇದು ಅಲ್ಪವೇ ಸರಿ.

ಕೇಂದ್ರದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲಿಯೂ ಮಾತನಾಡಬಹುದು.