ಪೊಲೀಸರು ಯಾವುದಕ್ಕೆ ಓಡಿ ಬರುತ್ತಾರೆ?

ಕೋಳಿ ಕದ್ದವನನ್ನು ಪೊಲೀಸರು ತಾವಾಗಿಯೇ ಹಿಡಿದು ತರಬಹುದಿತ್ತು. ಹೆಂಡತಿಗೆ ಬರಿಗೈಯಲ್ಲಿ ಹೊಡೆದವನನ್ನು ಹಾಗೆ ತರುವಂತಿರಲಿಲ್ಲ. ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿ ನಡೆದ ಈ ವಿಚಿತ್ರಕ್ಕೆ ಪೇದೆಯ ಸೋಮಾರಿತನ ಕಾರಣವಲ್ಲ. ಯಾವ ಅಪರಾಧಕ್ಕೆ ಯಾರು, ಎಷ್ಟು ಬೇಗ ಧಾವಿಸಬೇಕೆಂಬುದನ್ನು ಆಯಾ ಕಾಲದ ಆಳುವವರೇ ಗೊತ್ತುಮಾಡುತ್ತ ಬಂದಿದ್ದಾರೆ.

ಗದಗ ಜಿಲ್ಲೆಯ ಅಡರಕಟ್ಟಿಯ ಸುತ್ತಲ ಸೀಮೆಯನ್ನೇ ನೋಡಿ. ಇಲ್ಲಿ ಒಂದು ಕಾಲಕ್ಕೆ ತುರುಗಳ್ಳತನಕ್ಕಿಂತ ತುರ್ತಿನದು ಬೇರೊಂದಿರಲಿಲ್ಲ. ದನ ತಾನೇ ನಡೆದುಹೋಗುವ ಆಸ್ತಿ. ಬೆಳಗಾಗುವವರೆಗೆ ಕಾದರೆ ಗಡಿ ದಾಟಿರುತ್ತದೆ. ಆದ್ದರಿಂದ ಅರಮನೆಗೆ ದೂರು ಒಯ್ಯುವುದು ಆಮೇಲೆ, ಮೊದಲು ಬೆನ್ನಟ್ಟುವುದು. ಹಾಗೆ ಹೋಗಿ ಮಡಿದವರ ವೀರಗಲ್ಲುಗಳು ಈ ನಾಡಿನ ಊರೂರಲ್ಲೂ ನಿಂತಿವೆ.

ಸಣ್ಣ ಕಳ್ಳತನದ ದಾರಿ ಬೇರೆ. ಅಡರಕಟ್ಟಿಗೆ ಹತ್ತಿರದ ಲಕ್ಷ್ಮೇಶ್ವರ ಹಿಂದಿನ ಪುಲಿಗೆರೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಕ್ರಿ.ಶ. 725ರ ಸುಮಾರಿಗೆ ಅಲ್ಲಿನ ಮಹಾಜನರಿಗೂ ನಗರದವರಿಗೂ ಒಂದು ಆಚಾರವ್ಯವಸ್ಥೆ ಬರೆಸಿಕೊಟ್ಟ. ಒಡೆಯರಿಲ್ಲದ ಮನೆಗಳನ್ನು ರಾಜಪುರುಷರು ಕಾಯಬೇಕು. ಕಳ್ಳತನ, ಸಣ್ಣಪುಟ್ಟ ತಪ್ಪುಗಳ ದಂಡ ಕಾರ್ತಿಕದಲ್ಲಿ ಅಲ್ಲಿನ ಶ್ರೇಣಿಗೆ ಸಲ್ಲಬೇಕು ಎಂದು ಆ ಶಾಸನ ಹೇಳುತ್ತದೆ. ದಂಡದ ಹಣ ಯಾರ ಕೈಗೆ ಸೇರುತ್ತದೋ ಅವರಿಗೆ ಅಪರಾಧದ ಮೇಲೆ ಕಣ್ಣೂ ಇದ್ದೀತು, ಅಲ್ಲವೆ?

ಬ್ರಿಟಿಷರು ಬಂದಾಗ ಇದೆಲ್ಲ ಪಟ್ಟಿಯಾಯಿತು. ವಾರಂಟ್ ಇಲ್ಲದೆ ಯಾವುದಕ್ಕೆ ಬಂಧಿಸಬಹುದು, ಯಾವುದಕ್ಕೆ ಕೂಡದು ಎಂದು 1861ರ ದಂಡ ಪ್ರಕ್ರಿಯಾ ಸಂಹಿತೆ ಸಾಲುಸಾಲಾಗಿ ಬರೆಯಿತು. (ಲಕ್ಷ್ಮೇಶ್ವರ ಆಗ ಮೀರಜ ಸಂಸ್ಥಾನದಲ್ಲಿತ್ತು, ಗದಗ ಬ್ರಿಟಿಷರ ಕೈಯಲ್ಲಿತ್ತು.) ಕಳ್ಳತನ ಮೊದಲ ಸಾಲಿಗೆ ಹೋಯಿತು, ಸಾಧಾರಣ ಹೊಡೆತ ಎರಡನೆಯದಕ್ಕೆ. ಸಂಜ್ಞೇಯ, ಅಸಂಜ್ಞೇಯ ಎಂಬ ಇಂದಿನ ಭೇದದ ಬೇರು ಇದೇ. ಗಂಡನ ಕ್ರೌರ್ಯ ಸಂಜ್ಞೇಯವಾದದ್ದು 1983ರಲ್ಲಿ, 498ಎ ಕಲಮು ಬಂದ ಮೇಲೆ.

ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿ ಕಟ್ಟಪ್ಪಣೆ ಮಾಡಿತು. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲಿ ಪಟ್ಟಿಯೇ ಕೊಂಚ ಬದಲಾಗಿದೆ: 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳ್ಳತನ ಈಗ ಅಸಂಜ್ಞೇಯ. ಬಡವನಿಗೆ ಇದು ಸಣ್ಣ ಮಾತಲ್ಲ. ಅಡರಕಟ್ಟಿಯ ಹೊಲದಿಂದ ನಾಲ್ಕು ಸಾವಿರದ ಪಂಪ್‌ಸೆಟ್ ಕೇಬಲ್ ಹೋದರೆ ಠಾಣೆಯವರು ದೂರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ತನಿಖೆಗೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಠಾಣೆಗೆ ಹೊರಡುವ ಮುನ್ನ ಕೇಬಲ್ ಕೊಂಡ ರಸೀದಿ ಹುಡುಕಿಟ್ಟುಕೊಳ್ಳುವುದು ಒಳ್ಳೆಯದು.